ಆರಂಭ ಶಿಲ್ಕು: ಕನ್ಸಲ್ಟಿಂಗ್ ಕೆಲಸಕ್ಕೆ ಸಿದ್ಧರಾಗುತ್ತಿರುವ ನಮ್ಮ ಮಕ್ಕಳಿಗೆ ಒಂದಿಷ್ಟು ಇತಿಹಾಸ



ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ಮಕ್ಕಳು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ವೃತ್ತಿಗೆ ಹೇಗೆ ಸಿದ್ಧರಾಗಬೇಕು, ಇದರ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದರು. ನಾನು ಕನ್ಸಲ್ಟಂಟ್ ಅಲ್ಲ, ಚಾರ್ಟರ್ಡ್ ಅಕೌಂಟೆಂಟ್ ಎಂದೆ. ಪರವಾಗಿಲ್ಲ, ಎರಡೂ ಒಂದೇ ಅಲ್ಲವೇ ಎಂದರು. ಒಂದೇ ಅಲ್ಲ. ಆದರೆ ಎರಡಕ್ಕೂ ರಕ್ತಸಂಬಂಧ ಇದೆ. ಅದನ್ನೇ ಇವತ್ತು ಹೇಳೋಣ ಎಂದು ಒಪ್ಪಿಕೊಂಡೆ. ಇನ್ನೊಂದು ಅರ್ಹತೆಯೂ ನನಗಿದೆ: ಕನ್ಸಲ್ಟಂಟ್ ಆಗಲು ಹೋಗಿ ಆಗದೆ ವಾಪಸ್ ಬಂದವನು ನಾನು.

ಲೆಕ್ಕಿಗನ ಅಭ್ಯಾಸ ಒಂದುಂಟು. ಯಾವ ಪುಸ್ತಕ ಕೈಗೆ ಬಂದರೂ ಮೊದಲು ಆರಂಭ ಶಿಲ್ಕು ನೋಡುತ್ತಾನೆ. ಹೋದ ವರ್ಷ ಎಲ್ಲಿ ನಿಂತಿತ್ತು ಎಂದು ತಿಳಿಯದೆ ಈ ವರ್ಷದ ಜಮಾ ಖರ್ಚು ಅರ್ಥವಾಗುವುದಿಲ್ಲ. ಹಾಗಾಗಿ ಇವತ್ತಿನ ಮಾತು ಹೆಚ್ಚಿನ ಪಾಲು ಇತಿಹಾಸ.

ಮೊದಲು ಈ ಮಾತಿಗೆ ಕಾರಣವಾದ ಒಂದು ಫೋನ್ ಕರೆ. ಹಾಸನದ ಕಡೆಯ ಹುಡುಗಿ, ಸಿಡ್ನಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದಾಳೆ, ಪ್ಯಾರಮಾಟಾ ಹತ್ತಿರ ಮೂವರು ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದಾಳೆ. ಪರಿಚಯದವರು ನನ್ನ ನಂಬರು ಕೊಟ್ಟಿದ್ದರು. "ಅಂಕಲ್, ಕೇಸ್ ಇಂಟರ್‌ವ್ಯೂಗೆ ಯಾವ ಪುಸ್ತಕ ಓದಲಿ? ಒಬ್ಬರು ಕೋಚಿಂಗ್ ಕೊಡ್ತಾರಂತೆ, ಸಾವಿರ ಡಾಲರ್ ಮೇಲೆ ಕೇಳ್ತಿದ್ದಾರೆ, ಸೇರಲಾ?" ಎಂದಳು. ದುಡ್ಡು ಎಲ್ಲಿಂದ ಎಂದು ಕೇಳಿದೆ. ಅಪ್ಪ ತೋಟದ ಮೇಲೆ ಸಾಲ ತೆಗೆದು ಕಳಿಸಿದ್ದಾರೆ, ಅದರಲ್ಲೇ ಸ್ವಲ್ಪ ಉಳಿದಿದೆ ಎಂದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವಳಿಗೆ ಏನು ಹೇಳಬೇಕಿತ್ತೋ ಅದನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಕನ್ಸಲ್ಟಿಂಗ್ ಎಂದರೆ ಏನು ಎಂದು ಹಿರಿಯರಿಗೆ ಒಂದು ಮಾತು. ಒಂದು ಕಂಪನಿಯೋ ಸರ್ಕಾರದ ಇಲಾಖೆಯೋ ತನ್ನ ತೊಂದರೆಯನ್ನು ತಾನೇ ಬಿಡಿಸಿಕೊಳ್ಳಲಾರದೆ, ಹೊರಗಿನವರನ್ನು ದುಡ್ಡು ಕೊಟ್ಟು ಕರೆಸಿ, ನೀವು ನೋಡಿ ಹೇಳಿ ಎನ್ನುವುದು. ನಮ್ಮೂರಿನಲ್ಲಿ ಸಲಹೆ ಕಟ್ಟೆಯ ಮೇಲೆ ಪುಕ್ಕಟೆ ಸಿಗುತ್ತದೆ. ಇಲ್ಲಿ ದಿನಕ್ಕಿಷ್ಟು ಎಂದು ಬಿಲ್ ಬರುತ್ತದೆ. ವ್ಯತ್ಯಾಸ ಅಷ್ಟೇ ಎಂದು ತಮಾಷೆ ಮಾಡುವವರಿದ್ದಾರೆ.

ಈ ವೃತ್ತಿ ಹುಟ್ಟಿದ್ದು ಅಮೆರಿಕದ ಕಾರ್ಖಾನೆಗಳಲ್ಲಿ. 1886ರಲ್ಲಿ ಬಾಸ್ಟನ್‌ನಲ್ಲಿ ಆರ್ಥರ್ ಡಿ. ಲಿಟ್ಲ್ ಎಂಬ ರಸಾಯನಶಾಸ್ತ್ರಜ್ಞ ಕಂಪನಿಗಳಿಗೆ ಸಲಹೆ ಕೊಡುವ ಸಂಸ್ಥೆ ತೆರೆದ. 1893ರಲ್ಲಿ ಫ್ರೆಡ್ರಿಕ್ ಟೇಲರ್ ಎಂಬ ಎಂಜಿನಿಯರ್ ಸ್ವತಂತ್ರ ಸಲಹೆಗಾರನಾಗಿ ಹೊರಟ. ಕಾರ್ಖಾನೆಯ ಕೆಲಸದ ಕ್ರಮ ಮತ್ತು ತಯಾರಿಕೆಯ ವೆಚ್ಚ, ಇವೆರಡೂ ಅವನ ವಿಷಯ. 1926ರಲ್ಲಿ ಷಿಕಾಗೋದಲ್ಲಿ ಜೇಮ್ಸ್ ಮೆಕಿನ್ಸಿ ತನ್ನ ಸಂಸ್ಥೆ ಶುರು ಮಾಡಿದ. ಇಂದು ನಮ್ಮ ಮಕ್ಕಳು ಕನಸಿನಲ್ಲಿ ಕನವರಿಸುವ ಮೆಕಿನ್ಸಿ ಕಂಪನಿಯ ಮೂಲಪುರುಷ ಯಾರು ಗೊತ್ತೇ? ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಪಾಠ ಹೇಳುತ್ತಿದ್ದ ಮೇಷ್ಟ್ರು. ನನ್ನ ಜಾತಿಯವನೇ, ಲೆಕ್ಕಿಗರ ಜಾತಿ. 1922ರಲ್ಲಿ ಅವನು ಬಜೆಟ್ ಹಿಡಿತದ ಬಗ್ಗೆ ಪುಸ್ತಕ ಬರೆದಿದ್ದ. ಅದರ ತಿರುಳು ಸರಳ. ಲೆಕ್ಕ ಎಂದರೆ ಕಳೆದ ವರ್ಷದ ಶವಪರೀಕ್ಷೆ ಎಂದು ಜನ ತಿಳಿದಿದ್ದರು. ಅದೇ ಅಂಕಿಗಳನ್ನು ಮುಂದಿನ ವರ್ಷದ ಕಡೆ ತಿರುಗಿಸಿ, ಎಲ್ಲಿ ಏನಾಗಬೇಕು ಎಂದು ಮೊದಲೇ ಕೂತು ಯೋಚಿಸಿ ಎಂದು ಅವನು ತೋರಿಸಿದ.

ನಮ್ಮವರಲ್ಲಿ ಇಂಥ ಕೆಲಸ ಮಾಡಿದವರಿಲ್ಲವೇ? ಇದ್ದಾರೆ, ಅವರ ಫೋಟೊ ನಮ್ಮ ಶಾಲೆಗಳ ಗೋಡೆಯ ಮೇಲೆಯೇ ಇತ್ತು. 1908ರಲ್ಲಿ ಮುಂಬೈ ಪ್ರಾಂತ್ಯದ ಸೇವೆಯಿಂದ ಸ್ವಯಂ ನಿವೃತ್ತಿ ಪಡೆದು ವಿಶ್ವೇಶ್ವರಯ್ಯನವರು ವಿದೇಶ ಪ್ರವಾಸ ಹೊರಟಿದ್ದರು. ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು, 1909ರಲ್ಲಿ ಅವರು ಅಲ್ಲಿ ಸಲಹಾ ಎಂಜಿನಿಯರ್ ಆದರು. ಹೊರಗಿನವರು, ಅವಧಿಯ ಕೆಲಸ, ಕೊನೆಗೆ ಒಂದು ವರದಿ: ಇವತ್ತಿನ ಕನ್ಸಲ್ಟಂಟ್ ಮಾಡುವುದೂ ಅದನ್ನೇ. ನಗರದೊಳಗೆ ಗೋಡೆ ಎತ್ತರಿಸಿದರೆ ಸಾಕು ಎಂದು ಅವರು ಹೇಳಲಿಲ್ಲ. ಮಳೆಯ ಅಂಕಿ ಅಂಶ ತರಿಸಿಕೊಂಡರು, ನೀರು ಬರುವ ದಾರಿ ನೋಡಿದರು, ನಗರದ ಮೇಲ್ಭಾಗದಲ್ಲೇ ನೀರು ತಡೆಯಬೇಕು ಎಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಹಾಗೆ. ಅದೇ ವರ್ಷದ ಕೊನೆಗೆ ಅವರು ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದದ್ದು ನಿಮಗೆಲ್ಲ ಗೊತ್ತು. ಈ ಮನುಷ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡಿದ್ದರು ಎಂಬುದನ್ನು ಹಿಂದಿನ ಸಾಲಿನವರು ನೆನಪಿಟ್ಟುಕೊಳ್ಳಿ. ಆ ಮಾತಿಗೆ ಮತ್ತೆ ಬರುತ್ತೇನೆ.

ಇಲ್ಲಿಯವರೆಗೆ ಹೇಳಿದ ಯಾರೂ ಕಾಲೇಜಿನಿಂದ ನೇರ ಕನ್ಸಲ್ಟಂಟ್ ಆದವರಲ್ಲ. ಮೊದಲು ಕೆಲಸ, ಆಮೇಲೆ ಸಲಹೆ. ಈ ಕ್ರಮ ತಿರುಗಿದ್ದು 1950ರ ದಶಕದಲ್ಲಿ. 1937ರಲ್ಲಿ ಜೇಮ್ಸ್ ಮೆಕಿನ್ಸಿ ತೀರಿಕೊಂಡ ಮೇಲೆ ಆ ಸಂಸ್ಥೆಯನ್ನು ಬೆಳೆಸಿದವನು ಮಾರ್ವಿನ್ ಬೋವರ್, ಕಾನೂನು ಓದಿದವನು. ವಕೀಲರ ದೊಡ್ಡ ಕಚೇರಿಗಳು ಕಾಲೇಜಿನಿಂದ ಚುರುಕು ಹುಡುಗರನ್ನು ಆರಿಸಿ ತಾವೇ ಪಳಗಿಸುತ್ತಿದ್ದವು. ಅದೇ ಕ್ರಮ ಇಲ್ಲಿಗೂ ಬಂತು. ತಲೆ ನೆರೆತ ಅನುಭವಿಗಳ ಬದಲು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ ಆಗಷ್ಟೇ ಹೊರಬಿದ್ದವರನ್ನು ತೆಗೆದುಕೊಳ್ಳತೊಡಗಿದರು. ವಿದ್ಯಾರ್ಥಿಯೊಬ್ಬ ಕನ್ಸಲ್ಟಿಂಗ್‌ಗೆಂದೇ ಸಿದ್ಧನಾಗುವ ಮಾತಿಗೆ ಅರ್ಥ ಬಂದದ್ದು ಆಗ.

ಆದರೆ ಒಂದು ತೊಡಕು. ಅನುಭವವೇ ಇಲ್ಲದ ಹುಡುಗನಲ್ಲಿ ಏನನ್ನು ಪರೀಕ್ಷೆ ಮಾಡುವುದು? ಅದಕ್ಕೆ ಬಂದ ಉತ್ತರ ಕೇಸ್ ಇಂಟರ್‌ವ್ಯೂ. ಒಂದು ಕಂಪನಿಯ ಕಥೆ ಹೇಳುತ್ತಾರೆ: ಮಾರಾಟ ಏರಿದೆ, ಲಾಭ ಇಳಿದಿದೆ, ಏಕೆ? ಅರ್ಧ ಗಂಟೆಯಲ್ಲಿ ನೀವು ಪ್ರಶ್ನೆ ಕೇಳಿ, ಲೆಕ್ಕ ಹಾಕಿ, ಒಂದು ತೀರ್ಮಾನಕ್ಕೆ ಬರಬೇಕು. ಉತ್ತರಕ್ಕಿಂತ ನೀವು ಕೇಳುವ ಪ್ರಶ್ನೆಗಳ ಮೇಲೆ ಅವರ ಕಣ್ಣು.

ಈಗ ನಮ್ಮ ಎರಡು ಊರುಗಳಿಗೆ ಬರೋಣ. ಸಿಡ್ನಿಯಲ್ಲಿ 1938ರಲ್ಲಿ ಡಬ್ಲ್ಯೂ. ಡಿ. ಸ್ಕಾಟ್ ಅಂಡ್ ಕಂಪನಿ ಎಂಬ ಕನ್ಸಲ್ಟಿಂಗ್ ಸಂಸ್ಥೆ ಶುರುವಾಯಿತು. ಸ್ಥಾಪಿಸಿದ ವಾಲ್ಟರ್ ಸ್ಕಾಟ್ ಕೂಡ ಲೆಕ್ಕಿಗನೇ. ಮುಂದೆ ಸರ್ ಪದವಿ ಬಂದ ಈ ಮನುಷ್ಯನಿಗೆ ಆಸ್ಟ್ರೇಲಿಯ ಸರ್ಕಾರ ದೇಶದ ದುಡ್ಡನ್ನೇ ಬದಲಿಸುವ ಕೆಲಸ ಕೊಟ್ಟಿತು. ಆಗ ಇಲ್ಲಿ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. 1966ರ ಫೆಬ್ರವರಿ 14ರಂದು ಅದೆಲ್ಲ ಹೋಗಿ ಡಾಲರ್, ಸೆಂಟ್ ಬಂತು. ಆ ಬದಲಾವಣೆ ನಡೆಸಿದ ಮಂಡಳಿಗೆ ಸ್ಕಾಟ್ ಅಧ್ಯಕ್ಷ. ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದದ್ದು ಇಲ್ಲಿ ಕೂತಿರುವ ಕೆಲವು ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯಿತು. ನಾಲ್ಕಾಣೆಗೆ 25 ಪೈಸೆ ಸರಿ, ಒಂದಾಣೆಗೆ ಆರು ಕಾಲು ಪೈಸೆ, ಆ ಕಾಲು ಪೈಸೆ ಯಾರಿಗೆ ಎಂಬ ಜಗಳ ಅಂಗಡಿಯಲ್ಲಿ ಹುಟ್ಟುತ್ತದೆ. ಕಾನೂನು ಬರೆಯುವವರು ದಿಲ್ಲಿಯಲ್ಲೋ ಕ್ಯಾನ್‌ಬೆರಾದಲ್ಲೋ ಕೂತಿರಲಿ, ದುಡ್ಡು ಬದಲಾಗುವುದು ಗಲ್ಲಾಪೆಟ್ಟಿಗೆಯ ಮುಂದೆ. ಅಂಗಡಿಯ ಗಲ್ಲಾ, ಲೆಕ್ಕದ ಯಂತ್ರ, ಬೆಲೆಪಟ್ಟಿ, ಇವೆಲ್ಲ ಬದಲಾಗದೆ ಆ ಸುಧಾರಣೆ ಆಗುವಂತಿರಲಿಲ್ಲ.

ಮೆಲ್ಬರ್ನ್‌ನ ಕಥೆ ಸ್ವಲ್ಪ ಬೇರೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಕಾಮರ್ಸ್ ವಿಭಾಗ ಶುರುವಾಯಿತು, ಡಗ್ಲಸ್ ಕೋಪ್ಲೆಂಡ್ ಅದರ ಮೊದಲ ಡೀನ್. 1963ರಲ್ಲಿ ಎಂ.ಬಿ.ಎ. ಬಂತು. ಅದೇ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಓದಿದ್ದ ರಾಡ್ ಕಾರ್ನೆಗಿ ಮೆಲ್ಬರ್ನ್‌ನಲ್ಲಿ ಮೆಕಿನ್ಸಿ ಕಚೇರಿಯನ್ನು ಕಟ್ಟಿ ಬೆಳೆಸಿದರು. ಅಂದರೆ ಸಿಡ್ನಿಯ ಸ್ಕಾಟ್ ಲೆಕ್ಕದ ಪುಸ್ತಕದಿಂದ ಬಂದರೆ, ಮೆಲ್ಬರ್ನ್‌ಗೆ ಬಿಸಿನೆಸ್ ಸ್ಕೂಲಿನ ದಾರಿ ಬಂತು. ಇವತ್ತು ಎರಡೂ ಊರಿನಲ್ಲಿ ಎರಡೂ ದಾರಿ ಇದೆ, ಮಕ್ಕಳ ಕಣ್ಣಿಗೆ ಎರಡನೆಯದೇ ಕಾಣುತ್ತದೆ.

ಆ ಕಾಲದಲ್ಲಿ ನಮ್ಮಂಥವರಿಗೆ ಇವೆರಡರಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಕೊಲಂಬೊ ಯೋಜನೆಯಲ್ಲಿ 1950ರ ದಶಕದಿಂದ ಏಷ್ಯಾದ ವಿದ್ಯಾರ್ಥಿಗಳು ಓದಲು ಬಂದರು, ಆದರೆ ಓದು ಮುಗಿಸಿ ಮರಳಬೇಕು ಎಂಬುದು ಅದರ ಲೆಕ್ಕಾಚಾರ. ಬಿಳಿಯರಿಗಷ್ಟೇ ಎಂಬ ವಲಸೆ ನೀತಿ ಪೂರ್ತಿ ಕೊನೆಯಾದದ್ದು 1973ರಲ್ಲಿ.

ನಾನು ಬಂದದ್ದು 2005ರಲ್ಲಿ. ಆಗ ಬೇಡಿಕೆಯ ವೃತ್ತಿಗಳ ಪಟ್ಟಿಯಲ್ಲಿ ಅಕೌಂಟೆಂಟ್ ಇತ್ತು. ಓದು ಮುಗಿಸಿದರೆ ಪಿ.ಆರ್. ಸಿಗುವ ದಾರಿ ಸಲೀಸು. ಅದಕ್ಕೂ ಮುಂಚೆ ಶಿವಮೊಗ್ಗದಲ್ಲಿ ಮೂರು ವರ್ಷ ಒಬ್ಬ ಆಡಿಟರ ಬಳಿ ಆರ್ಟಿಕಲ್‌ಶಿಪ್ ಮಾಡಿದ್ದೆ, ಸಿ.ಎ. ಫೈನಲ್ ಎರಡು ಸಲ ಕಟ್ಟಿ ಎರಡು ಸಲವೂ ಕೈಕೊಟ್ಟಿತ್ತು. ನಮ್ಮ ಆಡಿಟರು ಮೊದಲ ದಿನ ನನ್ನನ್ನು ಅಡಿಕೆ ಮಂಡಿಗೆ ಕಳಿಸಿದ್ದರು. "ಪುಸ್ತಕ ಆಮೇಲೆ ನೋಡು ಮಾರಾಯ, ಮೊದಲು ಹೋಗಿ ಚೀಲ ಎಣಿಸು" ಎಂದಿದ್ದರು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂದು ಎಣಿಸಿದೆ. ಪುಸ್ತಕದಲ್ಲಿ ಇದ್ದ ತೂಕ ಗೋಡೌನಿನಲ್ಲಿ ಇರಲಿಲ್ಲ. ಕಳ್ಳತನ ಎಂದುಕೊಂಡು ಓಡಿ ಬಂದೆ. ಅಡಿಕೆ ಒಣಗಿದರೆ ತೂಕ ಇಳಿಯುತ್ತದೆ ಎಂದು ಮಂಡಿಯ ಹಮಾಲಿ ನಕ್ಕು ಹೇಳಿದ. ಆ ಹಮಾಲಿಗೆ ಗೊತ್ತಿದ್ದದ್ದು ಕಿರ್ದಿಯಲ್ಲಿ ಬರೆದಿರಲಿಲ್ಲ.

ಈ ಪಾಠ ಕಲಿತವನು ಮೆಲ್ಬರ್ನ್‌ಗೆ ಬಂದು ಅದನ್ನು ಮರೆತೆ. ಫುಟ್‌ಸ್ಕ್ರೇಯಲ್ಲಿ ಒಂದು ಮಿಲ್ಕ್ ಬಾರ್‌ನಲ್ಲಿ ಸಂಜೆ ಕೆಲಸಕ್ಕೆ ಸೇರಿದೆ. ಆ ಊರಿನಲ್ಲಿ ಬೀದಿ ಮೂಲೆಯ ಅಂಗಡಿಗೆ ಮಿಲ್ಕ್ ಬಾರ್ ಎಂದೇ ಹೆಸರು. ಆಗ ವಿದ್ಯಾರ್ಥಿಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಹಾಲಿನ ಕ್ಯಾನ್ ಜೋಡಿಸುವುದು, ಹಳೆಯ ತಾರೀಖಿನದು ಮುಂದೆ, ಹೊಸದು ಹಿಂದೆ. ತಾರೀಖು ಮುಗಿದದ್ದನ್ನು ಎಣಿಸಿ ಪಕ್ಕಕ್ಕಿಟ್ಟರೆ ವ್ಯಾನಿನವನು ಬಂದು ಹಿಂದಕ್ಕೆ ತೆಗೆದುಕೊಂಡು ಕ್ರೆಡಿಟ್ ಚೀಟಿ ಬರೆದುಕೊಡುತ್ತಿದ್ದ. ಊರಿಗೆ ಫೋನ್ ಮಾಡಿದಾಗ ಆಫೀಸಿನಲ್ಲಿ ಪಾರ್ಟ್ ಟೈಮ್ ಕೆಲಸ ಎಂದು ಅಮ್ಮನಿಗೆ ಹೇಳಿದ್ದೆ.

ಓದಿನ ಕೊನೆಯ ವರ್ಷ ಒಂದು ಕನ್ಸಲ್ಟಿಂಗ್ ಕಂಪನಿಗೆ ಅರ್ಜಿ ಹಾಕಿದೆ. ಕರೆ ಬಂತು. ಕಾಲಿನ್ಸ್ ಸ್ಟ್ರೀಟಿನ ಎತ್ತರದ ಕಟ್ಟಡ, ಸಾಲ ಮಾಡಿ ಕೊಂಡ ಕೋಟು. ನನ್ನ ಸಿ.ವಿ.ಯಲ್ಲಿ ಅಂಗಡಿ ಕೆಲಸದ ಸುದ್ದಿಯೇ ಇರಲಿಲ್ಲ, ನಾಚಿಕೆಯಿಂದ ಬಿಟ್ಟಿದ್ದೆ. ಕೇಸ್ ಶುರುವಾಯಿತು. ಒಂದು ಡೇರಿ ಕಂಪನಿ, ಹಾಲಿನ ಮಾರಾಟ ಏರಿದೆ, ಲಾಭ ಇಳಿದಿದೆ, ಏಕೆ? ನಾನು ಸವಕಳಿ, ಬಡ್ಡಿ, ಅನುಪಾತ ಎಂದು ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಒಪ್ಪಿಸಿದೆ. ಎದುರಿಗಿದ್ದ ಹೆಂಗಸು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಫ್ಯಾಕ್ಟರಿಯಿಂದ ಹೊರಟ ಹಾಲೆಲ್ಲ ಮಾರಾಟ ಆಗುತ್ತದೆಯೇ ಎಂದು ಕೇಳಿದಳು. ಕೊಟ್ಟಿರುವ ಮಾಹಿತಿಯಲ್ಲಿ ಅದಿಲ್ಲ ಎಂದೆ. ಅವಳು ಮುಂದೆ ಕೇಳಲಿಲ್ಲ.

ವಾಪಸ್ ಫುಟ್‌ಸ್ಕ್ರೇ ಕಡೆಯ ರೈಲು ಹತ್ತಿ ನಾರ್ತ್ ಮೆಲ್ಬರ್ನ್ ದಾಟುವಾಗ ಹೊಳೆಯಿತು. ಹಿಂದಿನ ರಾತ್ರಿಯಷ್ಟೇ ತಾರೀಖು ಮುಗಿದ ಕ್ಯಾನ್‌ಗಳನ್ನು ಎಣಿಸಿ ಪಕ್ಕಕ್ಕಿಟ್ಟು ಬಂದಿದ್ದೆ. ಅಂಗಡಿಗೆ ಹೆಚ್ಚು ಹಾಲು ತುಂಬಿದರೆ ಮಾರಾಟ ಏರಿದಂತೆ ಕಾಣುತ್ತದೆ, ಹಿಂದಕ್ಕೆ ಬಂದ ಹಾಲಿನ ನಷ್ಟ ಕಂಪನಿಯ ತಲೆಗೆ. ಉತ್ತರ ನನ್ನ ಕೈಯಲ್ಲೇ ಇತ್ತು, ತೊಳೆದುಕೊಂಡು ಹೋಗಿದ್ದೆ. ಒಂದು ವಾರದ ಮೇಲೆ ಆಗಲಿಲ್ಲ ಎಂಬ ಪತ್ರ ಬಂತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆಮೇಲೆ ಇಲ್ಲಿನ ಸಿ.ಎ. ಮುಗಿಸಿದೆ, 2011ರಲ್ಲಿ ಸಿಡ್ನಿಗೆ ಬಂದೆ, ಮೇಜಿನ ಆ ಕಡೆ ಕೂರುವ ಕಾಲವೂ ಬಂತು. ಪದವೀಧರರ ನೇಮಕಾತಿಯಲ್ಲಿ ಎಷ್ಟೋ ಸಿ.ವಿ. ಓದಿದ್ದೇನೆ. ನಮ್ಮ ಮಕ್ಕಳ ಸಿ.ವಿ. ದೂರದಿಂದಲೇ ಗೊತ್ತಾಗುತ್ತದೆ. ಅಂಕ ಎತ್ತರ, ಸರ್ಟಿಫಿಕೇಟ್ ಸಾಲುಸಾಲು, ಆದರೆ ಎರಡು ವರ್ಷ ಪೆಟ್ರೋಲ್ ಬಂಕಿನಲ್ಲಿ, ಗೋದಾಮಿನಲ್ಲಿ, ವೃದ್ಧಾಶ್ರಮದಲ್ಲಿ ದುಡಿದದ್ದು ಎಲ್ಲೂ ಇರುವುದಿಲ್ಲ. ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿದ್ದನ್ನು ನಾವು ಹೆಮ್ಮೆಯಿಂದ ಭಾಷಣದಲ್ಲಿ ಹೇಳುತ್ತೇವೆ, ನಮ್ಮ ಮಗ ಗೋದಾಮಿನಲ್ಲಿ ದುಡಿದದ್ದನ್ನು ನೆಂಟರಿಂದ ಮುಚ್ಚಿಡುತ್ತೇವೆ.

ಹಾಗಾದರೆ ಸಿದ್ಧತೆ ಎಂದರೆ ಏನು? 2007ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಇದಕ್ಕೆ ಒಂದು ಉತ್ತರ ಕಂಡುಕೊಂಡರು. 180 ಡಿಗ್ರೀಸ್ ಕನ್ಸಲ್ಟಿಂಗ್ ಎಂದು ಅದರ ಹೆಸರು. ದುಡ್ಡಿಲ್ಲದ ಸೇವಾ ಸಂಸ್ಥೆಗಳಿಗೆ ವಿದ್ಯಾರ್ಥಿಗಳ ತಂಡ ಸಲಹೆ ಕೊಡುವುದು. ಸಂಸ್ಥೆಗೆ ಸಹಾಯ, ವಿದ್ಯಾರ್ಥಿಗೆ ಅನುಭವ. ಇವತ್ತು ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಅದರ ಶಾಖೆಗಳಿವೆ. ಕೇಸ್ ಪುಸ್ತಕ ಓದಬೇಡಿ ಎನ್ನುವುದಿಲ್ಲ, ಓದಿ, ಗೆಳೆಯರ ಎದುರು ಕೂತು ಅಭ್ಯಾಸ ಮಾಡಿ, ಅದಕ್ಕೆ ಸಾವಿರ ಡಾಲರ್ ಬೇಕಿಲ್ಲ. ಆದರೆ ಒಂದು ನಿಜವಾದ ಸಂಸ್ಥೆಯ ಲೆಕ್ಕವನ್ನು ಒಂದು ಸಲವಾದರೂ ಬಿಡಿಸಿ ನೋಡಿ. ನೀವು ಕೆಲಸ ಮಾಡುವ ಅಂಗಡಿಯೇ ಆಗಬಹುದು. ಯಾವ ದಿನ ಏನು ಉಳಿಯುತ್ತದೆ, ಏಕೆ ಉಳಿಯುತ್ತದೆ ಎಂದು ಒಂದು ತಿಂಗಳು ಬರೆದಿಡಿ. ಅದನ್ನು ಸಿ.ವಿ.ಯಲ್ಲಿ ಎರಡು ಸಾಲು ಬರೆಯಿರಿ. ಓದುವವರು ಅಲ್ಲಿ ನಿಲ್ಲುತ್ತಾರೆ.

ಎರಡನೆಯ ಸಿದ್ಧತೆ ಇನ್ನೂ ಕಷ್ಟದ್ದು. 2023ರಲ್ಲಿ ಈ ದೇಶವೇ ನೋಡಿದ ಪ್ರಕರಣ ನಿಮಗೆ ನೆನಪಿದೆ. ಪಿಡಬ್ಲ್ಯುಸಿ ಆಸ್ಟ್ರೇಲಿಯಾದ ತೆರಿಗೆ ವಿಭಾಗದ ಪಾಲುದಾರರೊಬ್ಬರು, ಬಹುರಾಷ್ಟ್ರೀಯ ಕಂಪನಿಗಳ ತೆರಿಗೆ ತಪ್ಪಿಸುವಿಕೆ ತಡೆಯುವ ಕಾನೂನಿನ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವಾಗ, ಗುಟ್ಟು ಕಾಯುತ್ತೇನೆ ಎಂದು ಸಹಿ ಹಾಕಿದ್ದರು. ಆ ಮಾಹಿತಿ ಕಚೇರಿಯೊಳಗೆ ಹರಿದಾಡಿ, ಗಿರಾಕಿಗಳನ್ನು ಹಿಡಿಯಲು ಬಳಕೆಯಾಯಿತು. ಸೆನೆಟ್ ವಿಚಾರಣೆ ನಡೆಯಿತು, ಮುಖ್ಯಸ್ಥರು ಹುದ್ದೆ ಬಿಟ್ಟರು, ಸರ್ಕಾರಿ ಸಲಹೆಯ ವಿಭಾಗವನ್ನೇ ಒಂದು ಡಾಲರಿಗೆ ಮಾರಿದರು. ಅಲ್ಲಿದ್ದ ಸಾವಿರಾರು ಜನ ಪ್ರಾಮಾಣಿಕರು, ಅವರಲ್ಲಿ ನಮ್ಮವರೂ ಇದ್ದರು. ಆದರೂ ಎಲ್ಲರೂ ಮುಜುಗರ ಅನುಭವಿಸಿದರು. ದೊಡ್ಡವರ ಮೇಲ್‌ನಲ್ಲಿ ಬರಬಾರದ ವಿಷಯ ಬಂದಾಗ, ಸರ್, ಇದು ನಮಗೆ ಬರಬಾರದಿತ್ತು ಎಂದು ಇಪ್ಪತ್ಮೂರು ವರ್ಷದ ಹುಡುಗಿ ಹೇಳಬಲ್ಲಳೇ? ವೀಸಾ, ಸಾಲ, ಅಪ್ಪನ ತೋಟ, ಇಷ್ಟು ತಲೆಯ ಮೇಲಿದ್ದಾಗ ಬಾಯಿ ಬರುವುದು ಸುಲಭವಲ್ಲ. ಅದಕ್ಕೇ ಹೇಳುತ್ತೇನೆ, ಸಾಲದ ಹೊರೆ ಹಗುರ ಇದ್ದಷ್ಟೂ ನಾಲಿಗೆ ನೇರ ಇರುತ್ತದೆ.

ತಂದೆ ತಾಯಂದಿರಿಗೂ ಎರಡು ಮಾತು. ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವೊಂದೇ 2024ರ ಜುಲೈನಲ್ಲಿ 710 ಡಾಲರ್‌ನಿಂದ 1600ಕ್ಕೆ, ಮರುವರ್ಷ 2000ಕ್ಕೆ ಏರಿತು. ನನ್ನ ಕಾಲದ ಸಲೀಸು ದಾರಿ ಈಗಿಲ್ಲ, ಆ ಪಟ್ಟಿಯನ್ನೇ 2010ರಲ್ಲಿ ರದ್ದು ಮಾಡಿದರು. ಇಲ್ಲಿನ ಅನೇಕ ಕಂಪನಿಗಳು ಪದವೀಧರರ ನೇಮಕಕ್ಕೆ ಪೌರತ್ವವನ್ನೋ ಪಿ.ಆರ್. ಅನ್ನೋ ಕೇಳುತ್ತವೆ. ಬೇಸಿಗೆ ಇಂಟರ್ನ್‌ಶಿಪ್‌ಗೆ ಓದಿನ ಕೊನೆಗೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬೇಕು, ಎರಡು ವರ್ಷದ ಮಾಸ್ಟರ್ಸ್ ಆದರೆ ಬಂದಿಳಿದ ವರ್ಷವೇ ಅದು. ಇದನ್ನೆಲ್ಲ ಓದಿ ನೋಡಿ, ಆಮೇಲೆ ತೋಟದ ಪತ್ರ ಬ್ಯಾಂಕಿಗೆ ಕೊಡಿ.

ಆ ಹುಡುಗಿಗೆ ಮಾರನೆಯ ದಿನ ಫೋನ್ ಮಾಡಿದೆ. ಕೋಚಿಂಗ್ ಬೇಡ, ನೀನು ಎಲ್ಲಿ ಕೆಲಸ ಮಾಡ್ತೀಯ ಹೇಳಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹ್ಯಾರಿಸ್ ಪಾರ್ಕ್‌ನಲ್ಲಿ ದಿನಸಿ ಅಂಗಡಿ ಅಂಕಲ್, ಮನೇಲಿ ಹೇಳಿಲ್ಲ" ಎಂದಳು. ಈಗ ಅಲ್ಲಿ ಕರಿಬೇವು, ಕೊತ್ತಂಬರಿ ಸೊಪ್ಪು ವಾರಕ್ಕೆ ಎಷ್ಟು ಬರುತ್ತದೆ, ಎಷ್ಟು ಕಸಕ್ಕೆ ಹೋಗುತ್ತದೆ ಎಂದು ಬರೆದಿಡುತ್ತಿದ್ದಾಳೆ. ಕೆಲಸ ಇನ್ನೂ ಸಿಕ್ಕಿಲ್ಲ, ಅರ್ಜಿಗಳು ಹೋಗಿವೆ. ಅಂಗಡಿಯ ಮಾಲೀಕರು ಮಾತ್ರ ಸೊಪ್ಪು ತರಿಸುವ ದಿನ ಬದಲಿಸಿದ್ದಾರಂತೆ.

ಕೊನೆಗೆ ನಮ್ಮ ಸಂಘಕ್ಕೇ ಒಂದು ಕೋರಿಕೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಪ್ರತಿ ಸಲ ಊಟ ಒಂದೋ ಉಳಿಯುತ್ತದೆ, ಇಲ್ಲ ಕೊನೆಯ ಸಾಲಿಗೆ ಹೋಳಿಗೆ ಸಿಗುವುದಿಲ್ಲ. ಸಭಾಂಗಣದ ಬಾಡಿಗೆ, ಟಿಕೆಟಿನ ಬೆಲೆ, ಕನ್ನಡ ಶಾಲೆಯ ಖರ್ಚು, ಎಲ್ಲದರ ಲೆಕ್ಕ ನಮ್ಮ ಖಜಾಂಚಿಗಳ ಬಳಿ ಇದೆ, ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಆ ಪುಸ್ತಕಗಳನ್ನು ನಾಲ್ಕು ಜನ ವಿದ್ಯಾರ್ಥಿಗಳ ಮುಂದೆ ಬಿಚ್ಚಿಡೋಣ. ಮೂರು ತಿಂಗಳು ನೋಡಲಿ, ವರದಿ ಬರೆಯಲಿ, ಇದೇ ವೇದಿಕೆಯ ಮೇಲೆ ನಿಂತು ನಮ್ಮ ತಪ್ಪುಗಳನ್ನು ನಮಗೇ ಕನ್ನಡದಲ್ಲಿ ಹೇಳಲಿ. ಹಿರಿಯರ ಎದುರು ಅಷ್ಟು ಹೇಳಲು ಕಲಿತ ಮೇಲೆ ಕಾಲಿನ್ಸ್ ಸ್ಟ್ರೀಟೋ ಬರಾಂಗರೂವೋ ಅವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಲಾರದು. ಒಪ್ಪುವುದಾದರೆ ಊಟದ ಹೊತ್ತಿನಲ್ಲಿ ಖಜಾಂಚಿಗಳ ಹತ್ತಿರ ಹೆಸರು ಕೊಡಿ, ಲೆಕ್ಕ ಬಿಡಿಸುವಾಗ ಪಕ್ಕದಲ್ಲಿ ನಾನಿರುತ್ತೇನೆ.